ನಮ್ಮ ಪರವಾದ ಸುಳ್ಳು

ಹಿಜರಿ ಹತ್ತನೆಯ ವರ್ಷ. ಮದೀನಾದಲ್ಲಿ ಕಮ್ಮಾರ ಅಬೂಸೈಫ್‌ರ ಮನೆ. ಅಲ್ಲಿ ಒಂದು ಮಗು ಕೊನೆಯುಸಿರೆಳೆಯುತ್ತಿದೆ. ಅದು ಪ್ರವಾದಿವರ್ಯರ(ಸ) ಮಗ ಇಬ್ರಾಹೀಮ್. ವಯಸ್ಸು ಎರಡು ವರ್ಷವೂ ತುಂಬಿರಲಿಲ್ಲ. ತಂದೆ ಅರುವತ್ತು ದಾಟಿದವರು. ಕಾಸಿಮ್ ಮತ್ತು ಅಬ್ದುಲ್ಲಾ ಎಂಬ ಗಂಡುಮಕ್ಕಳನ್ನು ಮಕ್ಕಾದಲ್ಲೇ ಮಣ್ಣು ಮಾಡಿದ್ದರು. ಝೈನಬ್, ರುಕಿಯ್ಯ, ಉಮ್ಮು ಕುಲ್ಸೂಮ್ ಎಂಬ ಮೂವರು ಹೆಣ್ಣುಮಕ್ಕಳೂ ತೀರಿಹೋಗಿದ್ದರು. ಈಗ ಈ ಮಗುವೂ ಕೈಯಲ್ಲೇ ತಣ್ಣಗಾಯಿತು. ಅವರ ಕಣ್ಣುಗಳು ತುಂಬಿ ಹರಿದವು. ತಾವೂ ಅಳುತ್ತೀರಾ ಎಂದು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕೇಳಿದರು. ಇದು ಕರುಣೆಯ ಕಣ್ಣೀರು ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು.

ಅದೇ ದಿನ ಸೂರ್ಯನಿಗೆ ಗ್ರಹಣ ಹಿಡಿಯಿತು. ಖಗೋಳಶಾಸ್ತ್ರಜ್ಞರು ಲೆಕ್ಕ ಹಾಕಿ ಆ ಗ್ರಹಣದ ದಿನವನ್ನು ಕ್ರಿ.ಶ. 632ರ ಜನವರಿ 27 ಎಂದು ಗುರುತಿಸಿದ್ದಾರೆ. ಹಗಲಲ್ಲೇ ಬೆಳಕು ಕುಂದಿದ್ದನ್ನು ಕಂಡ ಜನರು, ಇಬ್ರಾಹೀಮರ ಮರಣಕ್ಕಾಗಿಯೇ ಸೂರ್ಯನಿಗೆ ಗ್ರಹಣವಾಯಿತು ಎಂದು ಮಾತಾಡಿಕೊಂಡರು. ಪ್ರವಾದಿವರ್ಯರು(ಸ) ಜನರನ್ನು ಸೇರಿಸಿ ದೀರ್ಘವಾದ ನಮಾಝ್ ನಿರ್ವಹಿಸಿದರು. ಬಳಿಕ ಎದ್ದು ನಿಂತು, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳಲ್ಲಿ ಸೇರಿದವು, ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಸ್ಪಷ್ಟಪಡಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ವರದಿ ಇದೆ.

ಓದುಗ ಬಂಧುಗಳೇ, ಈ ಹದೀಸನ್ನು ನಾನು ಮದ್ರಸದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಗ್ರಹಣ ನಮಾಝಿನ ಅಧ್ಯಾಯದಲ್ಲಿ ಅದು ಬರುತ್ತದೆ. ಆದರೆ ಎಷ್ಟು ರುಕೂಅ್, ಕಿರಾಅತ್ ಗಟ್ಟಿಯಾಗಿಯೋ ಮೆಲ್ಲಗೋ, ಖುತ್ಬಾ ಇದೆಯೋ ಇಲ್ಲವೋ ಎಂಬ ಚರ್ಚೆಯಲ್ಲೇ ನಮ್ಮ ಗಮನವೆಲ್ಲ ಕಳೆದುಹೋಗುತ್ತಿತ್ತು. ಆ ದಿನ ಆ ತಂದೆ ಏನು ಮಾಡಿದರು ಎಂಬುದರ ಬಗ್ಗೆ ನಾನು ಯೋಚಿಸಿದ್ದು ಎಷ್ಟೋ ವರ್ಷಗಳ ಬಳಿಕ, ಒಬ್ಬ ಹುಡುಗಿಯ ಪ್ರಶ್ನೆಯಿಂದ ನಾಚಿದ ಮೇಲೆ.

ನೀವೇ ಯೋಚಿಸಿ ನೋಡಿ. ಆ ಮಾತನ್ನು ಹುಟ್ಟಿಸಿದವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಅದು ಪ್ರವಾದಿವರ್ಯರ(ಸ) ಮೇಲಿನ ಪ್ರೀತಿಯಿಂದ ಹುಟ್ಟಿದ ಮಾತು. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಅರೇಬಿಯಾದ ಎಷ್ಟೋ ಗೋತ್ರಗಳು ಆಗಷ್ಟೇ ಇಸ್ಲಾಮಿಗೆ ಬಂದಿದ್ದವು, ಅವರ ವಿಶ್ವಾಸ ಇನ್ನೂ ಎಳೆಯದಾಗಿತ್ತು. ಯಮಾಮಾದಲ್ಲಿ ಮುಸೈಲಿಮಾ ತಾನೂ ಪ್ರವಾದಿ ಎಂದು ಹೇಳಿಕೊಳ್ಳತೊಡಗಿದ್ದ. ಅಂಥ ಹೊತ್ತಿನಲ್ಲಿ ಆಕಾಶವೇ ಸಾಕ್ಷಿ ನುಡಿಯಿತು ಎಂಬ ಮಾತು ಎಷ್ಟು ಅನುಕೂಲಕರ! ಪ್ರವಾದಿವರ್ಯರು(ಸ) ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ದುಃಖದಲ್ಲಿರುವ ತಂದೆಯಾಗಿ ಸುಮ್ಮನಿದ್ದರೆ ಸಾಕಿತ್ತು, ಆ ಮಾತು ತಾನಾಗಿ ಮರುಭೂಮಿಯನ್ನೆಲ್ಲ ಸುತ್ತಿ ಬರುತ್ತಿತ್ತು. ಅವರು ಸುಮ್ಮನಿರಲಿಲ್ಲ. ನಾಳೆ ಹೇಳೋಣ ಎಂದು ತಡವನ್ನೂ ಮಾಡಲಿಲ್ಲ. ಮಗುವಿನ ಖಬರಿನ ಮಣ್ಣು ಆರುವ ಮೊದಲೇ ತಿದ್ದಿದರು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ.

ನಾನು ಮದ್ರಸ ಅಧ್ಯಾಪಕನಾಗಿ ಸೇರಿದ ಮೊದಲ ವರ್ಷಗಳಲ್ಲಿ ಒಂದು ಮೀಲಾದ್ ವೇದಿಕೆಯಲ್ಲಿ ಭಾಷಣ ಮಾಡಿದ್ದೆ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಯಾವುದೋ ಅಪರಿಚಿತ ಧ್ವನಿ ಕೇಳಿಸಿತು, ವರ್ಷಗಳ ಬಳಿಕ ಕೈರೋಗೆ ಹೋದಾಗ ಅದೇ ಧ್ವನಿ ಮಸೀದಿಯ ಮಿನಾರದಿಂದ ಕೇಳಿಸಿತು, ಅದು ಅಝಾನ್ ಎಂದು ತಿಳಿದು ಅವರು ಇಸ್ಲಾಮ್ ಸ್ವೀಕರಿಸಿದರು ಎಂದು ಹೇಳಿದೆ. ಚಿಕ್ಕಂದಿನಲ್ಲಿ ಭಾಷಣದ ಕ್ಯಾಸೆಟಿನಲ್ಲಿ ಕೇಳಿದ ಕಥೆ ಅದು. ಸಭೆಯಲ್ಲಿ ತಕ್ಬೀರ್ ಮೊಳಗಿತು. ನನಗೂ ಹಿತವೆನಿಸಿತು. ಮರುದಿನ ತರಗತಿಯಲ್ಲಿ ಎಂಟನೆಯ ಕ್ಲಾಸಿನಲ್ಲಿ ಓದುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಉಸ್ತಾದ್, ಚಂದ್ರನಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಶಬ್ದ ಕೇಳುವುದಿಲ್ಲ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಅವರಿಗೆ ಹೇಗೆ ಕೇಳಿಸಿತು?”

ಅಲ್ಲಾಹನ ಶಕ್ತಿಗೆ ಅಸಾಧ್ಯವಾದುದು ಯಾವುದಿದೆ ಎಂದು ಗದರಿಸಿ ಅವಳನ್ನು ಕೂರಿಸಿದೆ. ಅವಳು ಕುಳಿತಳು. ಮತ್ತೆ ಆ ವರ್ಷವಿಡೀ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅಲ್ಲಾಹನಿಗೆ ಎಲ್ಲವೂ ಸಾಧ್ಯ ಎಂಬುದು ಸತ್ಯ. ಆದರೆ ಆ ಸತ್ಯವನ್ನು ನಾನು ನನ್ನ ಅಜ್ಞಾನ ಮುಚ್ಚುವ ಹೊದಿಕೆಯನ್ನಾಗಿ ಬಳಸಿದ್ದೆ. ಅವಳು ಅಲ್ಲಾಹನ ಶಕ್ತಿಯ ಬಗ್ಗೆ ಕೇಳಿರಲಿಲ್ಲ. ನಾನು ಹೇಳಿದ ಘಟನೆ ನಡೆದಿದೆಯೇ ಎಂದು ಕೇಳಿದ್ದಳು. ಅದಕ್ಕೆ ಉತ್ತರ, ನಡೆದಿಲ್ಲ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದು 1969ರ ಜುಲೈಯಲ್ಲಿ. ಅವರು ಮುಸ್ಲಿಮರಾದರು ಎಂಬ ಸುದ್ದಿ ಈಜಿಪ್ಟ್, ಇಂಡೋನೇಶ್ಯ, ಮಲೇಶ್ಯಗಳಲ್ಲಿ ಎಷ್ಟು ಹಬ್ಬಿತೆಂದರೆ, 1983ರ ಮಾರ್ಚ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯು ತನ್ನ ರಾಯಭಾರ ಕಚೇರಿಗಳಿಗೆ ಸಂದೇಶ ಕಳಿಸಿ ಅದು ನಿಜವಲ್ಲ ಎಂದು ತಿಳಿಸಬೇಕಾಯಿತು. ಯಾವ ಧರ್ಮದವರ ಮನಸ್ಸನ್ನೂ ನೋಯಿಸುವ ಇಚ್ಛೆ ಆರ್ಮ್‌ಸ್ಟ್ರಾಂಗರಿಗಿಲ್ಲ ಎಂಬುದನ್ನೂ ಅದರಲ್ಲಿ ಸೇರಿಸಿದ್ದರು. ಅವರು ಲೆಬನಾನಿನಲ್ಲಿ ನೆಲೆಸಿದ್ದಾರೆ ಎಂಬ ಮಾತೂ ಹಬ್ಬಿತ್ತು. ಅವರಿದ್ದುದು ಅಮೆರಿಕದ ಒಹಾಯೊ ರಾಜ್ಯದ ಲೆಬನಾನ್ ಎಂಬ ಊರಿನ ಸಮೀಪ! ಅವರು 2012ರಲ್ಲಿ ತೀರಿಕೊಂಡರು. ತಾನು ಹೇಳದ ಮಾತನ್ನು ಹೇಳಿಲ್ಲ ಎನ್ನುತ್ತಾ ಆ ಮನುಷ್ಯ ಮೂವತ್ತು ವರ್ಷ ಕಳೆದರು. ಒಬ್ಬ ವ್ಯಕ್ತಿಯ ಹೆಸರಲ್ಲಿ ಸುಳ್ಳು ಹೇಳುವುದು ಅವರ ಮೇಲಿನ ಅನ್ಯಾಯವೂ ಹೌದು ಎಂಬುದು ನಮ್ಮಲ್ಲಿ ಎಷ್ಟು ಭಾಷಣಕಾರರಿಗೆ ಹೊಳೆದಿದೆ?

ಫ್ರಾನ್ಸಿನ ಸಮುದ್ರ ಸಂಶೋಧಕ ಕುಸ್ತೋ ಅವರ ಕಥೆಯೂ ಇಂಥದೇ. ಕುರ್‌ಆನಿನಲ್ಲಿ ಎರಡು ಸಮುದ್ರಗಳ ನಡುವಿನ ತಡೆಯ ಪ್ರಸ್ತಾಪವನ್ನು ಕಂಡು ಅವರು ಮುಸ್ಲಿಮರಾದರು ಎಂದು ನಮ್ಮ ಕರಪತ್ರಗಳು ಬಹುಕಾಲ ಹೇಳಿದವು. 1997ರಲ್ಲಿ ಅವರು ನಿಧನರಾದಾಗ ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನಲ್ಲಿ ಕೆಥೋಲಿಕ್ ವಿಧಿಯಂತೆ ಅಂತ್ಯಪ್ರಾರ್ಥನೆ ನಡೆಯಿತು. ಆ ಮೇಲೂ ಕರಪತ್ರಗಳು ಬದಲಾಗಲಿಲ್ಲ.

ನಿಜಸ್ಥಿತಿ ತಿಳಿದ ಬಳಿಕ ನಾನು ತರಗತಿಯಲ್ಲಿ, ನಾನು ಹೇಳಿದ್ದು ತಪ್ಪು, ಈ ಹುಡುಗಿ ಕೇಳಿದ್ದು ಸರಿ ಎಂದು ಹೇಳಿದೆ. ಸುದ್ದಿ ಮನೆಗಳಿಗೆ ತಲುಪಿತು. ಎರಡು ದಿನ ಕಳೆದು ಜಮಾಅತಿನ ಹಿರಿಯ ಹಾಜಿಯವರೊಬ್ಬರು ನನ್ನನ್ನು ಮಸೀದಿಯ ಹೊರಗೆ ನಿಲ್ಲಿಸಿದರು. “ಉಸ್ತಾದರೇ, ನೀವು ಹೇಳಿದ್ದರಿಂದ ಏನು ಲಾಭವಾಯಿತು? ಆ ಕಥೆ ಕೇಳಿ ಮಕ್ಕಳ ಈಮಾನ್ ಗಟ್ಟಿಯಾಗುತ್ತಿತ್ತು. ಯಾರಿಗಾದರೂ ನಷ್ಟವಿತ್ತೇ? ನಮ್ಮ ದೀನನ್ನು ತೆಗಳುವವರು ಹೊರಗೆ ಸಾಲದೆ?” ಎಂದರು.

ಅವರ ಮಾತಿನಲ್ಲಿ ಕೋಪವಿರಲಿಲ್ಲ, ನೋವಿತ್ತು. ಆ ಕ್ಷಣದಲ್ಲಿ ನನಗೆ ಸರಿಯಾಗಿ ಉತ್ತರಿಸಲಾಗಲಿಲ್ಲ. ಈ ಲೇಖನ ಅವರಿಗೆ ಕೊಡಬೇಕಾಗಿದ್ದ ಉತ್ತರ ಎಂದು ತಿಳಿಯಿರಿ.

ಹಾಜಿಯವರ ಪ್ರಶ್ನೆ ಹೊಸದೇನಲ್ಲ. ಹದೀಸ್ ಶಾಸ್ತ್ರ ಕಲಿತವರಿಗೆ ನೂಹ್ ಬಿನ್ ಅಬೀ ಮರ್ಯಮ್ ಎಂಬ ಹೆಸರು ಗೊತ್ತು. ಹಿಜರಿ ಎರಡನೆಯ ಶತಮಾನದವನು, ವಿದ್ವಾಂಸ. ಕುರ್‌ಆನಿನ ಒಂದೊಂದು ಅಧ್ಯಾಯ ಓದಿದರೆ ಎಷ್ಟೆಷ್ಟು ಪುಣ್ಯ ಎಂಬ ಹದೀಸುಗಳನ್ನು ಅವನು ಹೇಳುತ್ತಿದ್ದ. ಇವೆಲ್ಲ ಎಲ್ಲಿಂದ ಬಂದವು ಎಂದು ವಿಚಾರಿಸಿದಾಗ ಒಪ್ಪಿಕೊಂಡ. ಜನರು ಕುರ್‌ಆನನ್ನು ಬಿಟ್ಟು ಫಿಕ್‌ಹ್ ಮತ್ತು ಯುದ್ಧಚರಿತ್ರೆಗಳಲ್ಲಿ ಮುಳುಗಿರುವುದನ್ನು ಕಂಡು, ಅವರನ್ನು ಮರಳಿ ಕುರ್‌ಆನಿನ ಕಡೆಗೆ ತರಲು ತಾನೇ ಅವನ್ನು ರಚಿಸಿದ್ದಾಗಿ ಹೇಳಿದ. ಎಂಥ ಒಳ್ಳೆಯ ಉದ್ದೇಶ! ಇವನಂತೆ ಇನ್ನೂ ಕೆಲವರಿದ್ದರು. ಪ್ರವಾದಿಯ ಮೇಲೆ ಸುಳ್ಳು ಹೊರಿಸಿದವನ ನೆಲೆ ನರಕ ಎಂಬ ಎಚ್ಚರಿಕೆಯನ್ನು ಅವರಿಗೆ ತೋರಿಸಿದರೆ, ನಾವು ಅವರ ವಿರುದ್ಧ ಸುಳ್ಳು ಹೇಳಿಲ್ಲ, ಅವರ ಪರವಾಗಿ ಹೇಳಿದ್ದೇವೆ ಎಂದು ವಾದಿಸುತ್ತಿದ್ದರು.

ಆ ಕಾಲದ ಹದೀಸ್ ವಿದ್ವಾಂಸರು ಈ ವಾದಕ್ಕೆ ಮರುಳಾಗಿದ್ದರೆ ಇಂದು ನಮ್ಮ ಕೈಯಲ್ಲಿ ಏನು ಉಳಿಯುತ್ತಿತ್ತು? ಅವರು ನೂಹನ ಉದ್ದೇಶವನ್ನು ನೋಡಲಿಲ್ಲ, ಅವನ ಹೆಸರನ್ನು ಸುಳ್ಳುಗಾರರ ಪಟ್ಟಿಯಲ್ಲಿ ಬರೆದರು. ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದೇ ಒಂದು ಹದೀಸನ್ನು ಕೇಳಿದವರ ಬಾಯಿಂದಲೇ ಕೇಳಿ ಖಚಿತಪಡಿಸಿಕೊಳ್ಳಲು ಒಂದು ತಿಂಗಳ ದಾರಿ ಪ್ರಯಾಣ ಮಾಡಿದರು. ಆ ಪರಂಪರೆಯ ವಾರಸುದಾರರಾದ ನಾವು ಮೊಬೈಲಿಗೆ ಬಂದ ಸಂದೇಶವನ್ನು ಹೆಬ್ಬೆರಳಿನಿಂದ ಒತ್ತಿ ಇನ್ನೂರು ಮಂದಿಗೆ ಕಳಿಸುತ್ತೇವೆ. ಕೆಳಗೆ, ಇದನ್ನು ಹತ್ತು ಮಂದಿಗೆ ಕಳಿಸದವನ ಈಮಾನ್ ದುರ್ಬಲ ಎಂದು ಬೇರೆ ಬರೆದಿರುತ್ತದೆ! ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬ ಅರ್ಥದ ಹದೀಸನ್ನು ಇಮಾಮ್ ಮುಸ್ಲಿಮ್(ರಹ) ತಮ್ಮ ಗ್ರಂಥದ ಮುನ್ನುಡಿಯಲ್ಲೇ ಇಟ್ಟಿದ್ದಾರೆ.

ಹಾಜಿಯವರ ಪ್ರಶ್ನೆಗೆ ಇನ್ನೂ ನೇರವಾದ ಉತ್ತರ ಇಮಾಮ್ ಗಝ್ಝಾಲಿಯವರದು(ರಹ). ತತ್ವಜ್ಞಾನಿಗಳನ್ನು ಖಂಡಿಸಲೆಂದೇ ಬರೆದ ‘ತಹಾಫುತುಲ್ ಫಲಾಸಿಫಾ’ದ ಪೀಠಿಕೆಯಲ್ಲಿ ಅವರು ಗ್ರಹಣದ ವಿಷಯವನ್ನೇ ಎತ್ತಿಕೊಳ್ಳುತ್ತಾರೆ. ಸೂರ್ಯ ಚಂದ್ರರ ನಡುವೆ ಭೂಮಿ ಬಂದಾಗ ಚಂದ್ರಗ್ರಹಣ, ನೋಡುವವನಿಗೂ ಸೂರ್ಯನಿಗೂ ನಡುವೆ ಚಂದ್ರ ಬಂದಾಗ ಸೂರ್ಯಗ್ರಹಣ. ಇದು ಗಣಿತದಿಂದ ಸಿದ್ಧವಾದದ್ದು, ಯಾವಾಗ, ಎಷ್ಟು ಹೊತ್ತು ಎಂದು ಮೊದಲೇ ಹೇಳಬಹುದಾದದ್ದು. ಇದನ್ನು ಅಲ್ಲಗಳೆಯುವುದೇ ದೀನಿನ ರಕ್ಷಣೆ ಎಂದುಕೊಂಡವನು ದೀನಿಗೇ ಅಪಚಾರ ಮಾಡುತ್ತಾನೆ ಎಂದು ಅವರು ಹೇಳುತ್ತಾರೆ. ಕಾರಣವೂ ಅಲ್ಲೇ ಇದೆ. ಲೆಕ್ಕ ತಿಳಿದವನಿಗೆ ಲೆಕ್ಕದಲ್ಲಿ ಸಂಶಯ ಬರುವುದಿಲ್ಲ, ದೀನಿನಲ್ಲಿ ಬರುತ್ತದೆ. ದೀನನ್ನು ಸರಿಯಾದ ದಾರಿಯಲ್ಲಿ ವಿರೋಧಿಸುವವನಿಗಿಂತ ತಪ್ಪು ದಾರಿಯಲ್ಲಿ ರಕ್ಷಿಸಹೊರಟವನಿಂದ ಆಗುವ ಹಾನಿ ಹೆಚ್ಚು ಎಂಬುದು ಅವರ ಅಭಿಪ್ರಾಯ. ಗಝ್ಝಾಲಿ(ರಹ) ಹೀಗೆ ಬರೆದು ಒಂಬೈನೂರು ವರ್ಷಗಳು ಕಳೆದಿವೆ.

ಆ ಹುಡುಗಿಯ ಮೌನದಲ್ಲಿ ನಾನು ಕಂಡದ್ದು ಇದನ್ನೇ. ಶಬ್ದಕ್ಕೆ ಮಾಧ್ಯಮ ಬೇಕು ಎಂಬ ಪಾಠವನ್ನು ಅವಳು ಬಿಡುತ್ತಿರಲಿಲ್ಲ. ಹಾಗಾದರೆ ನಮ್ಮಿಬ್ಬರಲ್ಲಿ ಬೀಳಬೇಕಾದವನು ಯಾರು? ಅವಳ ಉಸ್ತಾದ್. ಉಸ್ತಾದ್ ಚಂದ್ರನ ವಿಷಯದಲ್ಲಿ ಹೀಗೆ ಹೇಳಿದರೆ ಖಬರಿನ ವಿಷಯದಲ್ಲಿ ಹೇಳುವುದನ್ನು ಅವಳು ಹೇಗೆ ನಂಬಬೇಕು?

ಚಂದ್ರನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಚಂದ್ರನ ಮೇಲೆ ಉದ್ದವಾದ ಸೀಳೊಂದು ಕಾಣುವ ಛಾಯಾಚಿತ್ರವನ್ನು ನಮ್ಮ ಅನೇಕ ಮನೆಗಳಲ್ಲಿ ನೋಡಿದ್ದೇನೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಚಂದ್ರನು ಸೀಳಿಹೋದುದರ ಗುರುತು ಇದು, ನಾಸಾ ಕೂಡ ಒಪ್ಪಿದೆ ಎಂಬ ಬರಹ ಅದರೊಂದಿಗಿರುತ್ತದೆ. ಚಿತ್ರ ನಿಜವಾದದ್ದೇ. 1969ರಲ್ಲಿ ಅಪೊಲೊ 10ರ ಯಾತ್ರಿಕರು ತೆಗೆದದ್ದು. ಅದು ಚಂದ್ರನ ನೆಲದಲ್ಲಿರುವ ಒಂದು ಕಣಿವೆ, ಉದ್ದ ಸುಮಾರು 300 ಕಿಲೋಮೀಟರ್. ಚಂದ್ರನ ಸುತ್ತಳತೆ ಸುಮಾರು 10,900 ಕಿಲೋಮೀಟರ್. ಎಂದರೆ ಸುತ್ತಳತೆಯ ಮೂವತ್ತಾರರಲ್ಲಿ ಒಂದು ಭಾಗವಷ್ಟೇ. ಅಂಥ ಕಣಿವೆಗಳು ಚಂದ್ರನಲ್ಲಿ ಬೇಕಾದಷ್ಟಿವೆ. ನಾಸಾ ಒಪ್ಪಿದೆ ಎಂಬುದು ಸುಳ್ಳು. ಚಂದ್ರ ಸೀಳಿದ ಮುಅ್‌ಜಿಝತ್ತಿನಲ್ಲಿ ನನಗೆ ದೃಢವಿಶ್ವಾಸವಿದೆ. ಕುರ್‌ಆನ್ ಮತ್ತು ಪ್ರಬಲ ಹದೀಸುಗಳಿಂದ ಬಂದ ವಿಶ್ವಾಸ ಅದು. ಅದಕ್ಕೆ ಅಪೊಲೊದ ಫೋಟೋ ಬೇಕೇ? ಫೋಟೋ ತೆಗೆಯುವ ಮೊದಲಿನ ಸಾವಿರದ ಮುನ್ನೂರು ವರ್ಷಗಳ ಮುಸ್ಲಿಮರು ಏನನ್ನು ನೋಡಿ ನಂಬಿದ್ದರು?

ಇಷ್ಟರವರೆಗೆ ಹೇಳಿದ್ದು ಹೊಗಳಿಕೆಯ ಸುಳ್ಳುಗಳನ್ನು. ಯಾರಿಗೂ ನಷ್ಟವಿಲ್ಲ ಎಂಬ ಹಾಜಿಯವರ ಮಾತನ್ನು ಇಲ್ಲಿ ಸ್ವಲ್ಪವಾದರೂ ಒಪ್ಪಿಕೊಳ್ಳಬಹುದು. ಆದರೆ ಪರಿಶೀಲಿಸದೆ ಒಪ್ಪುವ ಅಭ್ಯಾಸ ಹೊಗಳಿಕೆಗೆ ಸೀಮಿತವಾಗಿ ಉಳಿಯುವುದಿಲ್ಲ. ಅದೇ ದಾರಿಯಲ್ಲಿ ಭಯದ ಸುಳ್ಳೂ ಬರುತ್ತದೆ.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಆರಂಭವಾದದ್ದು 1995ರಲ್ಲಿ. ಆ ಹನಿ ಮುಸ್ಲಿಮ್ ಮಕ್ಕಳನ್ನು ಮುಂದೆ ಸಂತಾನಹೀನರನ್ನಾಗಿ ಮಾಡಲು ಹೂಡಿದ ಸಂಚು ಎಂಬ ಮಾತು ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಹಬ್ಬಿತು. ಬಾಗಿಲು ಮುಚ್ಚಿದ ಮನೆಗಳು ಎಷ್ಟೋ. 2002ರಲ್ಲಿ ಭಾರತದಲ್ಲಿ ಸುಮಾರು 1,600 ಮಂದಿಗೆ ಪೋಲಿಯೊ ತಗುಲಿತು, ಹೆಚ್ಚಿನವರು ಉತ್ತರ ಪ್ರದೇಶದ ಮಕ್ಕಳು. ಅವರಲ್ಲಿ ಮುಸ್ಲಿಮ್ ಮಕ್ಕಳ ಪ್ರಮಾಣ ನಮ್ಮ ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಹೆಚ್ಚಾಗಿತ್ತು. ಸಂಚು ಎಂಬ ಮಾತನ್ನು ನಂಬಿ ಹನಿ ಹಾಕಿಸದ ತಂದೆ ತಾಯಿಯರ ಕಣ್ಣೆದುರೇ ಮಕ್ಕಳ ಕಾಲು ಸೊರಗಿತು. 2003ರಲ್ಲಿ ನೈಜೀರಿಯಾದ ಕಾನೊ ರಾಜ್ಯದಲ್ಲಿ ಇದೇ ಮಾತನ್ನು ನಂಬಿ ಲಸಿಕೆಯನ್ನೇ ನಿಲ್ಲಿಸಿದರು. ಕೊನೆಗೆ, ಮುಸ್ಲಿಮರು ಬಹುಸಂಖ್ಯಾತರಾಗಿರುವ ಇಂಡೋನೇಶ್ಯದಲ್ಲಿ ತಯಾರಾದ ಲಸಿಕೆ ತರಿಸಿ 2004ರಲ್ಲಿ ಮತ್ತೆ ಆರಂಭಿಸಿದರು. ಅಷ್ಟರಲ್ಲಿ ಆ ವೈರಸ್ ಗಡಿಗಳನ್ನು ದಾಟಿ ಹೋಗಿತ್ತು. 2005ರಲ್ಲಿ ಅದು ತಲುಪಿದ ದೇಶಗಳಲ್ಲಿ ಅದೇ ಇಂಡೋನೇಶ್ಯವೂ ಒಂದು. ಅಲ್ಲಿ ಸುಮಾರು 300 ಮಕ್ಕಳು ಪೀಡಿತರಾದರು.

ಆದರೆ ಆ ಉತ್ತರ ಪ್ರದೇಶದ ತಾಯಂದಿರನ್ನು ಮೂಢರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅವರು ಕೇಳಿದ್ದು ಏನು? ಬೇರೆ ಕಾಯಿಲೆಗೆ ಆಸ್ಪತ್ರೆಗೆ ಹೋದರೆ ಔಷಧ ಸಿಗುವುದಿಲ್ಲ, ಕುಡಿಯಲು ಒಳ್ಳೆಯ ನೀರಿಲ್ಲ, ಚರಂಡಿಯಿಲ್ಲ, ಇದೊಂದನ್ನು ಮಾತ್ರ ಮತ್ತೆ ಮತ್ತೆ ಮನೆಬಾಗಿಲಿಗೆ ತಂದು ಉಚಿತವಾಗಿ ಕೊಡುತ್ತೀರಲ್ಲ, ಏಕೆ? ಇದು ಬುದ್ಧಿವಂತರ ಪ್ರಶ್ನೆ. ಅದಕ್ಕೊಂದು ಇತಿಹಾಸವೂ ಇತ್ತು. 1976ರಲ್ಲಿ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ಹರ್ಯಾಣದ ಉಟಾವರ್ ಎಂಬ ಮೇವಾತಿ ಮುಸ್ಲಿಮರ ಹಳ್ಳಿಯನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹಿಡಿದೊಯ್ದದ್ದು ಕಟ್ಟುಕಥೆಯಲ್ಲ. ಒಮ್ಮೆ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಪ್ರಶ್ನೆಗೆ ಸರಿಯಾದ ಉತ್ತರವೂ ಇತ್ತು. ಕೊಳಕು ನೀರು, ಇಕ್ಕಟ್ಟು, ಮಕ್ಕಳ ಪದೇ ಪದೇ ಬರುವ ಭೇದಿ ಇವುಗಳಿಂದಾಗಿ ಅಲ್ಲಿ ಆ ಹನಿ ಪ್ರತಿ ಸಲವೂ ಹೊಟ್ಟೆಯಲ್ಲಿ ನಿಂತು ಕೆಲಸ ಮಾಡುತ್ತಿರಲಿಲ್ಲ, ಆದ್ದರಿಂದಲೇ ಹಲವು ಸಲ ಹಾಕಬೇಕಾಗಿತ್ತು. ಇದನ್ನು ಅವರ ಭಾಷೆಯಲ್ಲಿ, ಅವರು ನಂಬುವವರು ಹೇಳಬೇಕಾಗಿತ್ತು. ಉಲಮಾಗಳು ಮುಂದೆ ಬಂದರು, ಮಸೀದಿಗಳ ಮೈಕಿನಲ್ಲಿ ಘೋಷಣೆಯಾಯಿತು, ಅಲಿಗಢ ಮತ್ತು ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದವರು ಕೈಜೋಡಿಸಿದರು. ಬಾಗಿಲುಗಳು ತೆರೆದವು. ದೇಶದ ಕೊನೆಯ ವನ್ಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ವರದಿಯಾಯಿತು, ಮತ್ತೆ ಬರಲಿಲ್ಲ. ನಮ್ಮಿಂದ ಹಜ್ಜಿಗೆ ಹೋಗುವವರೇ ಹೊರಡುವ ಮೊದಲು ಪೋಲಿಯೊ ಹನಿ ಹಾಕಿಸಿಕೊಂಡು ಹೋಗುತ್ತಾರೆ.

ಸುಳ್ಳು ಸುದ್ದಿಯ ಏಟು ಹೇಗಿರುತ್ತದೆ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ದಿಲ್ಲಿಯ ನಿಝಾಮುದ್ದೀನ್ ಮರ್ಕಝಿನ ಹೆಸರಲ್ಲಿ ಏನೆಲ್ಲ ಹಬ್ಬಿತು! ಸಂಬಂಧವೇ ಇಲ್ಲದ ಹಳೆಯ ವೀಡಿಯೋಗಳನ್ನು ತೋರಿಸಿ ಇವರು ಉಗುಳಿ ರೋಗ ಹರಡುತ್ತಾರೆ ಎಂದರು. ಹಣ್ಣು ತರಕಾರಿ ಮಾರುವ ನಮ್ಮ ಬಡವರನ್ನು ಬೀದಿಗಳಿಂದ ಓಡಿಸಿದರು. ಅದೇ ವರ್ಷ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ಮಂದಿ ವಿದೇಶೀಯರ ಮೇಲಿನ ಪ್ರಕರಣ ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿತ್ತೆಂದು ಹೇಳಿತು. ಆಗ ನಾವು ಎಷ್ಟು ಜಾಗರೂಕರಾಗಿದ್ದೆವು! ಯಾವ ವೀಡಿಯೋ ಯಾವ ಊರಿನದು, ಯಾವ ವರ್ಷದ್ದು ಎಂದು ಹುಡುಕಿ ತೆಗೆದೆವು. ಅದೇ ತಿಂಗಳುಗಳಲ್ಲಿ ನಮ್ಮದೇ ಮನೆಗಳಲ್ಲಿ ಕೊರೋನಾ ಲಸಿಕೆಯ ಮೂಲಕ ದೇಹದೊಳಗೆ ಚಿಪ್ ಸೇರಿಸುತ್ತಾರೆ ಎಂಬ ಸಂದೇಶವೂ ಸುತ್ತುತ್ತಿತ್ತು. ಅದನ್ನು ಯಾರು ಹುಡುಕಿದರು? ಸ್ವತಃ ನಮಗೆ, ನಮ್ಮ ತಂದೆ ತಾಯಿಗೆ, ಬಂಧುಗಳಿಗೆ ವಿರುದ್ಧವಾಗುವುದಾದರೂ ನ್ಯಾಯಕ್ಕೆ ಸಾಕ್ಷಿಗಳಾಗಬೇಕೆಂದು ಅನ್ನಿಸಾ ಅಧ್ಯಾಯದ 135ನೇ ಸೂಕ್ತ ಆದೇಶಿಸುತ್ತದೆ. ಅದನ್ನು ನಾವು ಆಸ್ತಿ ಪಾಲಿನ ತಕರಾರಿಗೆ ಮಾತ್ರ ಮೀಸಲಿಟ್ಟಿದ್ದೇವೆ.

ಸುದ್ದಿ ತಂದವನನ್ನು ನೋಡಿ ಪರಿಶೀಲಿಸಬೇಕೆಂಬ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತದ ಹಿನ್ನೆಲೆಯಾಗಿ ತಫ್ಸೀರ್ ಗ್ರಂಥಗಳು ಒಂದು ಘಟನೆಯನ್ನು ಹೇಳುತ್ತವೆ. ಬನೂ ಮುಸ್ತಲಿಕ್ ಗೋತ್ರದಿಂದ ಝಕಾತ್ ತರಲು ಹೋದವರು, ಎದುರ್ಗೊಳ್ಳಲು ಬಂದ ಜನರನ್ನು ಕಂಡು ಹೆದರಿ ಅರ್ಧದಾರಿಯಿಂದಲೇ ಮರಳಿ, ಅವರು ಝಕಾತ್ ಕೊಡಲೊಪ್ಪದೆ ತನ್ನನ್ನು ಕೊಲ್ಲಹೊರಟರು ಎಂದುಬಿಟ್ಟರು. ಯುದ್ಧವೇ ನಡೆದುಹೋಗುವುದರಲ್ಲಿತ್ತು. ಗಮನಿಸಿ, ಅದು ಶತ್ರುಗಳು ತಂದ ಸುದ್ದಿಯಾಗಿರಲಿಲ್ಲ. ನಮ್ಮವರೇ ತಂದದ್ದು.

ತಿದ್ದುವವರಿಗೂ ಒಂದು ಮಾತು ಹೇಳಬೇಕಾಗಿದೆ, ನನ್ನನ್ನೂ ಸೇರಿಸಿ. ತಪ್ಪು ಹಿಡಿಯುವುದರಲ್ಲಿ ಒಂದು ರುಚಿಯಿದೆ. ಕಾಲೇಜಿಗೆ ಹೋಗುವ ನಮ್ಮ ಕೆಲವು ತರುಣರು ಮನೆಯ ಹಿರಿಯರು ಕಳಿಸಿದ ಸಂದೇಶವನ್ನು ಎಲ್ಲರೆದುರು ಹಾಸ್ಯ ಮಾಡುವುದನ್ನು ಕಂಡಿದ್ದೇನೆ. ಅಜ್ಜಿ ಮತ್ತೆ ಏನನ್ನೂ ಕಳಿಸುವುದಿಲ್ಲ, ಆದರೆ ಆ ಸುಳ್ಳನ್ನು ನಂಬುವುದನ್ನು ಬಿಡುವುದೂ ಇಲ್ಲ. ಮಸೀದಿಯೊಳಗೆ ಮೂತ್ರ ಮಾಡಿದ ಹಳ್ಳಿಗನ ಮೇಲೆ ಜನರು ಎರಗಿದಾಗ ಪ್ರವಾದಿವರ್ಯರು(ಸ) ಅವರನ್ನು ತಡೆದು, ಅವನು ಮುಗಿಸುವ ತನಕ ಬಿಟ್ಟು, ಒಂದು ಬಕೆಟ್ಟು ನೀರು ಸುರಿಸಿದರು. ಬಳಿಕ ಅವನಿಗೆ ಮೃದುವಾಗಿ ತಿಳಿಹೇಳಿದರು. ನೆಲ ಶುದ್ಧವಾಯಿತು, ಆ ಮನುಷ್ಯನೂ ಉಳಿದ. ನಾನು ಆ ಹುಡುಗಿಯನ್ನು ಗದರಿಸಿದ್ದಕ್ಕೆ ಕ್ಷಮೆ ಕೇಳಿದೆ, ಆದರೆ ಹಾಜಿಯವರ ಮನೆಗೆ ಮೊದಲೇ ಹೋಗಿ ವಿಷಯ ತಿಳಿಸಬಹುದಿತ್ತು. ಅವರಿಗೆ ಅದು ಮೊಮ್ಮಕ್ಕಳ ಬಾಯಿಂದ ತಿಳಿಯಿತು. ಅದು ನನ್ನ ಎರಡನೆಯ ತಪ್ಪು.

ಆರೇಳು ತಿಂಗಳು ಹಾಜಿಯವರು ನನ್ನೊಂದಿಗೆ ಸಲಾಮ್ ಬಿಟ್ಟರೆ ಬೇರೆ ಮಾತಾಡಲಿಲ್ಲ. ಒಂದು ರಾತ್ರಿ ಇಶಾ ನಮಾಝ್ ಮುಗಿದು ಎಲ್ಲರೂ ಹೋದ ಬಳಿಕ ಹತ್ತಿರ ಬಂದು ಮೊಬೈಲನ್ನು ನನ್ನ ಮುಂದೆ ಹಿಡಿದರು. ಮಗ ಗಲ್ಫಿನಿಂದ ಕಳಿಸಿದ ಸಂದೇಶ, ಯಾವುದೋ ಔಷಧದ ವಿಷಯ. “ಉಸ್ತಾದರೇ, ಇದು ಹೌದೋ ಅಲ್ಲವೋ ನೋಡಿ ಹೇಳಿ. ತಂಗಿಗೆ ಕಳಿಸಬೇಕೂಂತಿದ್ದೇನೆ.”

ಓದಿದೆ. ಹೌದೆನ್ನಲು ಆಧಾರವಿರಲಿಲ್ಲ, ಅಲ್ಲವೆನ್ನಲೂ ಇರಲಿಲ್ಲ. ಇಮಾಮ್ ಮಾಲಿಕರ(ರಹ) ಬಳಿಗೆ ದೂರದಿಂದ ಪ್ರಶ್ನೆಗಳನ್ನು ಹೊತ್ತು ಬಂದವರು ಹೆಚ್ಚಿನವಕ್ಕೆ ‘ಲಾ ಅದ್ರೀ’ ಎಂಬ ಉತ್ತರ ಕೇಳಿ ಹಿಂದಿರುಗಿದ್ದು ನೆನಪಾಯಿತು.

“ನನಗೆ ಗೊತ್ತಿಲ್ಲ ಹಾಜಿಯವರೇ. ನಾಳೆ ಡಾಕ್ಟರರಲ್ಲಿ ಕೇಳೋಣ” ಎಂದೆ.

ಅವರು ಮೊಬೈಲನ್ನು ಜುಬ್ಬಾದ ಜೇಬಿಗೆ ಹಾಕಿ, ಚಪ್ಪಲಿ ಹುಡುಕುತ್ತಾ, “ಹಾಗಾದರೆ ನಾಳೆ ನೋಡುವ” ಎಂದರು.